ಒಂದು ಚಿಟಿಕೆ ಪುಡಿ

ನಾನು ಮಾಡಿದ ಮೊದಲ ಬ್ರೆಡ್ಡನ್ನು ನೋಡಿ ನನ್ನ ಮಗ, "ಅಮ್ಮಾ, ನಮ್ಮ ಗೇಟು ಗಾಳಿಗೆ ಬಡ್ಕೊಳ್ತಾ ಇರುತ್ತಲ್ಲ, ಅದಕ್ಕೆ ಒತ್ತಿಡೋಣ" ಅಂದಿದ್ದ. ನಮ್ಮವರು ಪಾಪ ಏನೂ ಅನ್ನಲಿಲ್ಲ. ಕಾಫಿಯಲ್ಲಿ ಅದ್ದಿ ಅದ್ದಿ ಎರಡು ಹೋಳು ತಿಂದರು. ಅದ್ದಿದರೂ ಅದು ನೆನೆಯಲಿಲ್ಲ ಅನ್ನೋದು ಬೇರೆ ಮಾತು. ಇದನ್ನೆಲ್ಲ ಸಹಿಸಬಹುದಿತ್ತು. ಸಹಿಸೋಕಾಗದೇ ಇದ್ದದ್ದು ಅಪ್ಪ ಮಾಡಿದ್ದು. ಬ್ರೆಡ್ಡನ್ನು ಕೈಗೆತ್ತಿಕೊಂಡರು, ತಿರುಗಿಸಿ ತಳ ನೋಡಿದರು, ಬೆರಳ ಗೆಣ್ಣಿನಿಂದ ಒಂದು ಸಲ ಕುಟ್ಟಿ ಸದ್ದು ಕೇಳಿಸಿಕೊಂಡರು. ಮಾತಿಲ್ಲದೆ ವಾಪಸ್ ತಟ್ಟೆಗಿಟ್ಟು ಪೇಪರ್ ಓದೋಕೆ ಹೋದರು.

ಯಾಕೆಂದರೆ ನಮ್ಮಪ್ಪ ಮೂವತ್ತೆಂಟು ವರ್ಷ ಬೇಕರಿ ನಡೆಸಿದವರು.

ಹನ್ನೆರಡನೇ ವಯಸ್ಸಿಗೆ ಬೆಂಗಳೂರಿನ ಒಂದು ಅಯ್ಯಂಗಾರ್ ಬೇಕರಿಗೆ ಟ್ರೇ ತೊಳೆಯೋಕೆ ಸೇರಿ, ಹಿಟ್ಟು ನಾದಿ, ಕೊನೆಗೆ ಭಟ್ಟಿ ಮುಂದೆ ನಿಲ್ಲುವಷ್ಟಾಗಿ, 1973ರಲ್ಲಿ ಅರಸೀಕೆರೆ ಕಡೆಯ ನಮ್ಮೂರಿಗೆ ಬಂದು ಸ್ವಂತ ಅಂಗಡಿ ತೆರೆದರು. ನಾವು ಅಯ್ಯಂಗಾರರಲ್ಲ. ಆದರೂ ಬೋರ್ಡಿನಲ್ಲಿ 'ಅಯ್ಯಂಗಾರ್ ಬೇಕರಿ' ಅಂತಲೇ ಬರೆಸಿದ್ದರು. ಹಾಸನ ಸೀಮೆಯ ಅಯ್ಯಂಗಾರರು ಬೆಂಗಳೂರಿಗೆ ಹೋಗಿ ಶುರುಮಾಡಿದ ಕಸುಬು ಅದು. ಮೊಟ್ಟೆ ಮುಟ್ಟದ ಮನೆಗಳಿಗೂ ಕೇಕು, ಬನ್ನಿನ ರುಚಿ ಹತ್ತಿಸಿದವರು ಅವರು. ಆ ಹೆಸರಿಲ್ಲದೆ ನಮ್ಮ ಕಡೆ ಬನ್ನು ಮಾರೋದು ಕಷ್ಟ ಅಂತ ಅಪ್ಪನ ಲೆಕ್ಕಾಚಾರ. ತಪ್ಪೇನೂ ಇರಲಿಲ್ಲ ಬಿಡಿ.

ಅಂಗಡಿಯ ಹಿಂದೆ ಒಂದು ಕತ್ತಲೆ ಕೋಣೆ, ಅದರ ತುಂಬ ಇಟ್ಟಿಗೆಯ ಭಟ್ಟಿ. ರಾತ್ರಿ ಸೌದೆ ಒಟ್ಟಿ ಉರಿ ಹಾಕಬೇಕು. ಬೆಳಗಿನ ಜಾವ ಕೆಂಡ ಎಳೆದು ಹಾಕಿ, ಕೋಲಿಗೆ ಕಟ್ಟಿದ ಒದ್ದೆ ಗೋಣಿಯಿಂದ ತಳ ಒರೆಸಿ, ಅಪ್ಪ ಒಂದು ಹಿಡಿ ಮೈದಾ ಒಳಗೆ ಎರಚುತ್ತಿದ್ದರು. ಅದು ಎಷ್ಟು ಹೊತ್ತಿಗೆ ಕಂದುಬಣ್ಣಕ್ಕೆ ತಿರುಗುತ್ತೆ ಅನ್ನೋದೇ ಅವರ ಥರ್ಮಾಮೀಟರ್. ಹಾಕಿದ ಕೂಡಲೇ ಕಪ್ಪಾದರೆ ಇನ್ನೂ ಕಾಯಬೇಕು. ಮೊದಲು ಬ್ರೆಡ್ಡು, ಬನ್ನು. ಕಾವು ಇಳಿದ ಮೇಲೆ ಕೇಕು. ಆಮೇಲೆ ಬೆಣ್ಣೆ ಬಿಸ್ಕತ್ತು. ಕೊನೆಗೆ ಉಳಿದ ಬಿಸಿಯಲ್ಲಿ ರಸ್ಕ್ ಒಣಗೋಕೆ. ಒಂದು ಸಲ ಹಾಕಿದ ಉರಿಯಲ್ಲಿ ಇಡೀ ಅಂಗಡಿ ತುಂಬುತ್ತಿತ್ತು. ಇವತ್ತು ನಾನು ಓವನ್ನಿನ ತಿರುಪು ತಿರುಗಿಸುವಾಗೆಲ್ಲ ಅದು ನೆನಪಾಗುತ್ತೆ.

ಇದನ್ನೆಲ್ಲ ನಾನು ನೋಡಿದ್ದು ಬಾಗಿಲ ಸಂದಿಯಿಂದ. ಹೆಣ್ಣುಮಕ್ಕಳು ಭಟ್ಟಿ ಕೋಣೆಗೆ ಕಾಲಿಡೋ ಹಾಗಿರಲಿಲ್ಲ. ಲಂಗಕ್ಕೆ ಕಿಡಿ ಹಾರುತ್ತೆ, ಕೂದಲು ಹಿಟ್ಟಿಗೆ ಬೀಳುತ್ತೆ ಅಂತ ನೂರೆಂಟು ಕಾರಣ. ಲೆಕ್ಕದ ಪುಸ್ತಕ ಬರೆಯೋದು, ಖಾರಾ ಬನ್ನು ಎಣಿಸಿ ಪೇಪರ್‌ನಲ್ಲಿ ಕಟ್ಟೋದು ನನ್ನ ಪಾಲು. ಕೆಲಸ ಕಲಿಸಿದ್ದು ಅಣ್ಣನಿಗೆ. ಅವನಿಗೆ ಬೇಡವಾಗಿತ್ತು, ಬ್ಯಾಂಕಿಗೆ ಸೇರಿಕೊಂಡ. 2011ರಲ್ಲಿ ಅಪ್ಪ ಅಂಗಡಿ ಮುಚ್ಚಿದರು. 2014ರಲ್ಲಿ ಅಮ್ಮ ಹೊಟ್ಟೆಯ ಕ್ಯಾನ್ಸರಿನಿಂದ ಹೋದಮೇಲೆ ಅವರನ್ನು ಮೈಸೂರಿಗೆ, ನಮ್ಮ ಮನೆಗೆ ಕರಕೊಂಡು ಬಂದೆವು. ಬಂದಾಗಿನಿಂದ ಅವರು ಬೇಕರಿಯ ವಿಷಯ ಎತ್ತಿದ್ದೇ ಇಲ್ಲ. ಹೊರಗಿನ ಬ್ರೆಡ್ಡನ್ನು ಮುಟ್ಟುತ್ತಲೂ ಇರಲಿಲ್ಲ. ವಯಸ್ಸಾಯಿತು, ಜೀರ್ಣ ಆಗಲ್ಲ ಅಂತ ನಾವು ಅಂದುಕೊಂಡಿದ್ದೆವು.

ನನಗೆ ಬೇಕಿಂಗ್ ಹುಚ್ಚು ಹಿಡಿದದ್ದು 2020ರ ಲಾಕ್‌ಡೌನಿನಲ್ಲಿ. ನಿಮ್ಮಲ್ಲೂ ಎಷ್ಟೋ ಜನಕ್ಕೆ ಆಗಲೇ ಹಿಡಿದಿರಬೇಕು. ಕುಕ್ಕರಿನ ತಳಕ್ಕೆ ಉಪ್ಪು ಹರಡಿ, ಗ್ಯಾಸ್ಕೆಟ್ ತೆಗೆದು ಕೇಕ್ ಮಾಡಿದ್ದಾಯಿತು. ಆಮೇಲೆ ಚೀಟಿ ದುಡ್ಡು ಬಂದಾಗ ಒಂದು ಓಟಿಜಿ ಕೊಂಡೆ. ಕೇಕು ಬಂತು, ಬಿಸ್ಕತ್ತು ಬಂತು. ಬ್ರೆಡ್ಡು ಮಾತ್ರ ಬರಲಿಲ್ಲ.

ಮೊದಲನೇದು ಇಟ್ಟಿಗೆ ಆದದ್ದು ಯಾಕೆ ಅಂತ ಆಮೇಲೆ ಗೊತ್ತಾಯಿತು. ಕುದಿಯೋ ಹಾಲು ಆರುವ ಮುಂಚೆಯೇ ಯೀಸ್ಟ್ ಸುರಿದಿದ್ದೆ. ಯೀಸ್ಟ್ ಜೀವ ಇರೋ ವಸ್ತು ಅನ್ನೋದನ್ನ ಓದಿ ತಿಳಿದಿದ್ದರೂ ಕೈಗೆ ತಿಳಿದಿರಲಿಲ್ಲ. 60 ಡಿಗ್ರಿ ಬಿಸಿಯಲ್ಲಿ ಅದು ಸತ್ತೇ ಹೋಗುತ್ತೆ. ಕಿರುಬೆರಳು ಅದ್ದಿ ಹತ್ತು ಎಣಿಸುವ ತನಕ ಆರಾಮಾಗಿ ಇಟ್ಟುಕೊಳ್ಳೋಕಾದರೆ ಆ ಹಾಲು ಸರಿ. ಎರಡನೇದು ಡಿಸೆಂಬರ್ ಚಳಿಯಲ್ಲಿ ಉಬ್ಬಲೇ ಇಲ್ಲ. ಮೂರನೇದು ಉಬ್ಬಿ ಉಬ್ಬಿ, ನಾನು ಫೋನಿನಲ್ಲಿ ಮಾತಾಡ್ತಾ ಮರೆತು, ಓವನ್ನಿಗೆ ಇಡುವಷ್ಟರಲ್ಲಿ ಕುಸಿದು ಕೂತಿತು. ನಾಲ್ಕನೇದಕ್ಕೆ ಉಪ್ಪನ್ನೇ ಹಾಕಿರಲಿಲ್ಲ. ಐದನೇದರ ಕಥೆ ಬೇಡ.

ಅಪ್ಪನನ್ನು ಕೇಳಬಹುದಿತ್ತಲ್ಲ ಅಂತೀರಿ. ಕೇಳಿದ್ದೆ. "ನಂಗೆ ಮೂಟೆ ಲೆಕ್ಕ ಗೊತ್ತು ಕಣಮ್ಮ, ಲೋಟದ ಲೆಕ್ಕ ಗೊತ್ತಿಲ್ಲ" ಅಂದು ಎದ್ದು ಹೋಗಿದ್ದರು. ನನಗೂ ಹಟ. ಚಿಕ್ಕವಳಿದ್ದಾಗ ಒಳಗೆ ಬಿಟ್ಟುಕೊಳ್ಳಲಿಲ್ಲ, ಈಗಲೂ ಬಾಗಿಲು ತೆಗೆಯಲ್ಲ ಅಂದರೆ ಬೇಡವೇ ಬೇಡ ಅಂತ.

ಆ ಹಟ ಮುರಿದದ್ದು ಒಂದು ಕೋಷ್ಟಕದಿಂದ. ಬ್ರೆಡ್ಡಿನ ಪುಸ್ತಕಗಳಲ್ಲಿ ಅಳತೆಯನ್ನು ಶೇಕಡಾದಲ್ಲಿ ಕೊಡ್ತಾರೆ. ಹಿಟ್ಟು 100 ಅಂತ ಇಟ್ಟುಕೊಂಡು, ನೀರು 60, ಉಪ್ಪು 2, ಹೀಗೆ. ಒಂದು ಸಂಜೆ ಅದನ್ನು ಚೀಟಿಯಲ್ಲಿ ಬರೆದುಕೊಳ್ತಾ ಜೋರಾಗಿ ಓದುತ್ತಿದ್ದೆ. ಹಿಂದಿನಿಂದ ಅಪ್ಪ, "ಅದನ್ನೇ ಅಲ್ವಾ ನಾವು ಮಾಡ್ತಿದ್ದಿದ್ದು. ಐವತ್ತು ಕಿಲೊ ಮೂಟೆಗೆ ಮೂವತ್ತು ಲೀಟರ್ ನೀರು, ಒಂದು ಕಿಲೊ ಉಪ್ಪು, ಒಂದು ಕಿಲೊ ಹಸಿ ಯೀಸ್ಟು" ಅಂದರು.

ನೂರರಿಂದ ಭಾಗಿಸಿದೆ. 500 ಗ್ರಾಂ ಮೈದಾ, 300 ಮಿಲಿ ನೀರು, 10 ಗ್ರಾಂ ಉಪ್ಪು. ಹಸಿ ಯೀಸ್ಟ್ 10 ಗ್ರಾಂ ಅಂದರೆ ನಮಗೆ ಸಿಗೋ ಒಣ ಯೀಸ್ಟ್ ಸುಮಾರು 4 ಗ್ರಾಂ. ನಾನು ಅಷ್ಟು ದಿನ ನೀರನ್ನು ಕೈಯಂದಾಜಿನಲ್ಲಿ, ಚಪಾತಿ ಹಿಟ್ಟಿನ ಹದಕ್ಕೆ ಹಾಕ್ತಿದ್ದೆ. ಅದೇ ತಪ್ಪು. ಬ್ರೆಡ್ಡಿನ ಹಿಟ್ಟು ಮೊದಲು ಕೈಗೆ ಅಂಟಬೇಕು, ಅಂಟಿದರೂ ಮೈದಾ ಉದುರಿಸದೆ ಹತ್ತು ನಿಮಿಷ ನಾದಬೇಕು, ಆಮೇಲೆ ಅದೇ ಕೈ ಬಿಡುತ್ತೆ. ಅವತ್ತಿನ ಬನ್ನು ಉಬ್ಬಿತು. ಅಪ್ಪ ತಳ ಕುಟ್ಟಿ ನೋಡಿ, "ಹೂಂ" ಅಂದರು. ನಮ್ಮ ಮನೆಯಲ್ಲಿ ಅದು ಪ್ರಶಸ್ತಿ ಇದ್ದ ಹಾಗೆ.

ಖಾರಾ ಬನ್ನಿಗೆ ಇಳಿದೆ. ಈರುಳ್ಳಿ, ಹಸಿಮೆಣಸಿನಕಾಯಿ, ಕೊತ್ತಂಬರಿ, ಕರಿಬೇವು ಹಾಕಿದರೆ ಮೇಲೆ ಬೆಂದು ಒಳಗೆ ಹಸಿ ಹಸಿ ಉಳಿಯುತ್ತಿತ್ತು. "ಉಪ್ಪು ಬಿದ್ದ ತಕ್ಷಣ ಈರುಳ್ಳಿ ನೀರು ಬಿಡುತ್ತೆ. ಮೊದಲೇ ಉಪ್ಪು ಬೆರೆಸಿಡು, ಹಿಂಡು, ಆ ನೀರನ್ನೇ ಲೆಕ್ಕಕ್ಕೆ ಹಿಡಿದು ನಾದು." ಅಷ್ಟೇ ಹೇಳಿದ್ದು. ಈಗ ನೀವೂ ಮಾಡಿ ನೋಡಿ, 200 ಡಿಗ್ರಿಯಲ್ಲಿ ಹದಿನೈದರಿಂದ ಹದಿನೆಂಟು ನಿಮಿಷ ಸಾಕು.

ರುಚಿ ಬಂತು. ಆದರೆ ನಮ್ಮ ಅಂಗಡಿಯ ಬನ್ನು ಒತ್ತಿದರೆ ಸ್ಪಂಜಿನ ಹಾಗೆ ವಾಪಸ್ ಮೇಲೇಳುತ್ತಿತ್ತಲ್ಲ, ಅದು ಬರಲಿಲ್ಲ. ಒಂದು ಮಧ್ಯಾಹ್ನ ಕೇಳಿಯೇಬಿಟ್ಟೆ, "ನೀವು ಇನ್ನೇನೋ ಹಾಕ್ತಿದ್ರಿ. ಮುಚ್ಚಿಡ್ತಾ ಇದ್ದೀರಿ ಅಲ್ವಾ?"

ತಮಾಷೆಗೆ ಕೇಳಿದ್ದು. ಅಪ್ಪನ ಮುಖ ಇಳಿದುಹೋಯಿತು.

"ಬ್ರೋಮೇಟು," ಅಂದರು. "ಒಂದು ಚಿಟಿಕೆ ಬಿಳೀ ಪುಡಿ. ನಮಗೆ ಕಲಿಸಿದೋರೂ ಹಾಕ್ತಿದ್ರು, ನಾನೂ ಹಾಕ್ದೆ."

ಆಗ ಹೊಳೆಯಿತು. 2016ರ ಮೇ ತಿಂಗಳಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರದವರು ಬ್ರೆಡ್ಡು, ಬನ್ನುಗಳನ್ನು ಪರೀಕ್ಷೆ ಮಾಡಿ, ಬಹಳಷ್ಟರಲ್ಲಿ ಪೊಟ್ಯಾಸಿಯಂ ಬ್ರೋಮೇಟ್ ಅಥವಾ ಅಯೋಡೇಟ್ ಇದೆ ಅಂದಿದ್ದರು. ಮರು ತಿಂಗಳೇ ಆಹಾರ ಸುರಕ್ಷತಾ ಪ್ರಾಧಿಕಾರ ಬ್ರೋಮೇಟನ್ನು ನಿಷೇಧಿಸಿತು. ವಾರಗಟ್ಟಲೆ ಟಿವಿಯಲ್ಲಿ ಅದೇ ಸುದ್ದಿ, ಅದರ ಹಿಂದೆಯೇ 'ಕ್ಯಾನ್ಸರ್' ಅನ್ನೋ ಮಾತು. ಅಪ್ಪ ಅವತ್ತು ಎದ್ದು ಟಿವಿ ಆರಿಸಿದ್ದು ನನಗೆ ಚೆನ್ನಾಗಿ ನೆನಪಿದೆ. ಕಣ್ಣು ನೋವು ಅಂದಿದ್ದರು.

"ನಿಮ್ಮಮ್ಮ ದಿನಾ ಬೆಳಿಗ್ಗೆ ಮೊದಲನೇ ಟ್ರೇಯಿಂದ ಒಂದು ಬನ್ನು ತಗೋತಿದ್ಲು. ಕಾಫಿ ಜೊತೆ. ಮೂವತ್ತೆಂಟು ವರ್ಷ."

ನನಗೆ ಒಂದು ಕ್ಷಣ ಬಾಯಿ ಕಟ್ಟಿಹೋಯಿತು. ಏಳು ವರ್ಷಕ್ಕೂ ಮೇಲೆ ಒಂದೇ ಸೂರಿನಡಿ ಇದ್ದು, ಈ ಮನುಷ್ಯ ಇದನ್ನು ಒಬ್ಬರೇ ಹೊತ್ತುಕೊಂಡು ಓಡಾಡುತ್ತಿದ್ದರೆ ನನಗೆ ಗೊತ್ತೇ ಆಗಿರಲಿಲ್ಲ. ಗೊತ್ತಿದ್ದದ್ದೆಲ್ಲ ಹೇಳಿದೆ. ಆಗ ಅದಕ್ಕೆ ಕಾನೂನಿನ ಅನುಮತಿ ಇತ್ತು. ಗೆಡ್ಡೆ ಕಂಡದ್ದು ಇಲಿಗಳಲ್ಲಿ, ಅದೂ ಮೂತ್ರಪಿಂಡ, ಥೈರಾಯ್ಡುಗಳಲ್ಲಿ. ಮನುಷ್ಯರ ವಿಷಯದಲ್ಲಿ 'ಆಗಬಹುದು' ಅನ್ನೋ ಪಟ್ಟಿಯಲ್ಲಿದೆ, ಅಷ್ಟೇ. ಹದವಾದ ಅಳತೆಯಲ್ಲಿ ಹಾಕಿ ಚೆನ್ನಾಗಿ ಬೇಯಿಸಿದರೆ ಅದರ ಬಹುಪಾಲು ಅಪಾಯವಿಲ್ಲದ ಬ್ರೋಮೈಡ್ ಆಗಿಬಿಡುತ್ತೆ. ಅಮ್ಮನ ಡಾಕ್ಟರು ಯಾವತ್ತೂ ಇಂಥ ಕಾರಣ ಹೇಳಿರಲಿಲ್ಲ. ಅಪ್ಪ ಎಲ್ಲ ಕೇಳಿಸಿಕೊಂಡರು. "ಇರಬಹುದು," ಅಂದರು. ಆ 'ಇರಬಹುದು' ನನ್ನನ್ನು ಸಮಾಧಾನ ಮಾಡೋಕೆ ಹೇಳಿದ್ದು ಅಂತ ಇಬ್ಬರಿಗೂ ಗೊತ್ತಿತ್ತು.

ಆ ರಾತ್ರಿ ನಿದ್ದೆ ಬರದೆ ಪುಸ್ತಕ ತಿರುವಿ ಹಾಕಿದೆ. ಆ ಪುಡಿ ಮಾಡೋ ಕೆಲಸ ಏನು? ಹಿಟ್ಟಿನ ಜಿಗುಟಿಗೆ ಬಲ ಕೊಟ್ಟು, ಉಬ್ಬಿದ ಗಾಳಿ ಹೊರಹೋಗದ ಹಾಗೆ ಹಿಡಿಯೋದು. ಅದೇ ಬಲವನ್ನು ಹಿಟ್ಟು ತಾನೇ ಗಳಿಸುತ್ತೆ, ಹೊತ್ತು ಕೊಟ್ಟರೆ. ದೋಸೆ ಹಿಟ್ಟನ್ನು ರಾತ್ರಿಯಿಡೀ ಬಿಡೋ ನಮಗೆ ಇದು ಹೊಳೆಯಬೇಕಿತ್ತು! ಮಾರನೇ ದಿನ ಯೀಸ್ಟನ್ನು ಅರ್ಧಕ್ಕೆ ಇಳಿಸಿ, ನಾದಿ, ಪಾತ್ರೆ ಮುಚ್ಚಿ ಫ್ರಿಜ್ಜಿನಲ್ಲಿಟ್ಟೆ.

"ಫ್ರಿಜ್ಜಿನಲ್ಲಿ ಉಬ್ಬುತ್ತಾ?" ಅಂತ ಅಪ್ಪ.

"ನಿಧಾನವಾಗಿ ಉಬ್ಬುತ್ತಂತೆ."

"ಒಂದು ರಾತ್ರಿ ಪೂರ್ತಿ ಕಾಯೋಕೆ ಯಾವ ಬೇಕರಿಯೋನಿಗೆ ಆಗುತ್ತೆ? ಬೆಳಿಗ್ಗೆ ಆರಕ್ಕೆ ಬಸ್ಸಿಗೆ ಬನ್ನು ಹೋಗಬೇಕು," ಅಂದರು. ಸ್ವಲ್ಪ ಹೊತ್ತು ಬಿಟ್ಟು, "ಇದು ಗೊತ್ತಿದ್ದಿದ್ರೆ..." ಅಂದು ಅಲ್ಲಿಗೇ ನಿಲ್ಲಿಸಿದರು. ನಾನೂ ಮುಂದಕ್ಕೆ ಕೆದಕಲಿಲ್ಲ.

ಬೆಳಿಗ್ಗೆ ನಾಲ್ಕೂವರೆಗೆ ಅಡುಗೆಮನೆಯಲ್ಲಿ ದೀಪ ಉರಿಯುತ್ತಿತ್ತು. ಹೋಗಿ ನೋಡಿದರೆ ಅಪ್ಪ ಪಂಚೆ ಎತ್ತಿ ಕಟ್ಟಿ, ಹಿಟ್ಟನ್ನು ಹೊರಗಿಟ್ಟುಕೊಂಡು ಚಳಿ ಬಿಡಿಸುತ್ತಿದ್ದರು. ಕೈ ಈಗ ನಡುಗುತ್ತೆ, ಲೋಟ ಹಿಡಿದರೆ ಕಾಫಿ ಚೆಲ್ಲುತ್ತೆ. ಆದರೆ ಹಿಟ್ಟಿನ ಮೇಲೆ ಬಿದ್ದಾಗ ಆ ಕೈ ನಡುಗಲಿಲ್ಲ. ಎರಡೂ ಅಂಗೈಯಲ್ಲಿ ಒಂದೊಂದು ಉಂಡೆ, ನೋಡನೋಡುತ್ತಿದ್ದಂತೆ ಹನ್ನೆರಡು ಉಂಡೆ ಸಾಲಾಗಿ ಕೂತವು. "ಬಾ ಇಲ್ಲಿ, ನಿಂತು ನೋಡಬೇಡ. ಬೆರಳು ಹಚ್ಚಬೇಡ, ಅಂಗೈ ಅಂಚಿನಲ್ಲಿ ಒತ್ತಿ ತಿರುಗಿಸು" ಅಂತ ನನ್ನ ಕೈ ಹಿಡಿದು ತೋರಿಸಿದರು. ನನಗೆ ಐವತ್ತೆರಡು ವರ್ಷ ಆಗ.

ಬನ್ನು ಸ್ಪಂಜಿನ ಹಾಗಾಯಿತಾ ಅಂದರೆ, ಪೂರ್ತಿ ಇಲ್ಲ. ಅಂಗಡಿಯದ್ದಕ್ಕಿಂತ ಒಂದು ಬೆರಳು ಕಡಿಮೆ ಉಬ್ಬಿತು, ಆದರೆ ಘಮ ಜಾಸ್ತಿ. ಅಪ್ಪ ಮೊದಲನೇದನ್ನು ಮುರಿದು, ಮೂಸಿ, ಅರ್ಧ ನನಗೆ ಕೊಟ್ಟು ಇನ್ನರ್ಧ ಬಾಯಿಗಿಟ್ಟುಕೊಂಡರು. ನಮ್ಮ ಮನೆಗೆ ಬಂದಮೇಲೆ ಅವರು ಬನ್ನು ತಿಂದದ್ದನ್ನು ನಾನು ನೋಡಿದ್ದು ಅದೇ ಮೊದಲು.

ನಿಧಾನವಾಗಿ ಅಗಿದು ನುಂಗಿ, "ಉಪ್ಪು ಒಂದು ಗ್ರಾಂ ಕಮ್ಮಿ ಮಾಡು. ಈರುಳ್ಳಿ ನೀರಲ್ಲೇ ಉಪ್ಪಿರುತ್ತೆ, ಮರೀಬೇಡ" ಅಂದರು.