ಈಚಲ ಮರದಡಿಯ ಮಜ್ಜಿಗೆ

ಮೂವತ್ತು ವರ್ಷಕ್ಕೂ ಮೇಲ್ಪಟ್ಟು ಉಪಾಧ್ಯಾಯವೃತ್ತಿಯಲ್ಲಿದ್ದು, ಸುರಾಪಾನವು ಪಂಚಮಹಾಪಾತಕಗಳಲ್ಲೊಂದೆಂದು ಬಾಲಕರಿಗೆ ಬೋಧಿಸಿದ ನಾನು, ಅರುವತ್ತಾರನೆಯ ವಯಸ್ಸಿನಲ್ಲಿ ಒಂದೇ ದಿನ ಎರಡು ಪಾನಗೃಹಗಳನ್ನು ಹೊಕ್ಕುಬಂದೆನೆಂದರೆ ವಾಚಕರು ಆಶ್ಚರ್ಯಪಡಬಹುದು. ನಡೆದುದನ್ನು ನಡೆದಂತೆಯೇ ಬರೆಯುತ್ತೇನೆ.

ನನ್ನ ಮಗನು ಇಂಗ್ಲೆಂಡಿನ ಸ್ವಿಂಡನ್ ಪಟ್ಟಣದಲ್ಲಿ ಉದ್ಯೋಗಸ್ಥನು. ಆ ಊರಿನ ಕಾಲ್ಚೆಂಡಿನ ತಂಡದಲ್ಲಿ ಅವನಿಗೆ ಅತಿಶಯವಾದ ಅಭಿಮಾನ. ತಂಡವು ಪರಸ್ಥಳಕ್ಕೆ ಹೋದಾಗ ಅಭಿಮಾನಿಗಳೂ ಬೆನ್ನುಹತ್ತಿ ಹೋಗುವುದು ಅಲ್ಲಿಯ ರೂಢಿ. ನಮ್ಮಲ್ಲಿ ಜಾತ್ರೆಗೆ ಗಾಡಿ ಕಟ್ಟಿಸಿಕೊಂಡು ಹೋಗುತ್ತಿದ್ದಂತೆ. ಕಳೆದ ಚಳಿಗಾಲದಲ್ಲಿ ನಾನು ಅಲ್ಲಿದ್ದಾಗ ನಾಟಿಂಗ್‌ಹ್ಯಾಮ್ ನಗರದಲ್ಲಿ ಪಂದ್ಯವಿತ್ತು. ಒಬ್ಬನೇ ಮನೆಯಲ್ಲಿ ಕುಳಿತಿರಲಾರದೆ ನಾನೂ ಹೊರಟೆನು. ಪಂದ್ಯಕ್ಕೆ ಹೋಗುವ ಬಸ್ಸಿನಲ್ಲಿ ಮದ್ಯವನ್ನು ಒಯ್ಯಕೂಡದೆಂದೂ ಆಟದ ಬಯಲು ಕಾಣುವ ಸ್ಥಳದಲ್ಲಿ ಕುಡಿಯಕೂಡದೆಂದೂ 1985ರ ಒಂದು ಶಾಸನವುಂಟು. ಆದಕಾರಣ ದಾರಿಯುದ್ದದ ಬಾಯಾರಿಕೆಯೆಲ್ಲ ಊರು ಸೇರಿದೊಡನೆ ಪಾನಗೃಹಗಳ ಬಾಗಿಲಲ್ಲಿ ಬಂದು ನಿಲ್ಲುತ್ತದೆ.

ಮೊದಲು ಹೋದುದು ಕೋಟೆಯ ಬಂಡೆಯ ಬುಡದಲ್ಲಿರುವ 'ಟ್ರಿಪ್ ಟು ಜೆರೂಸಲೇಂ' ಎಂಬುದಕ್ಕೆ. ಒಳಗಣ ಕೋಣೆಗಳನ್ನು ಮರಳುಗಲ್ಲಿನಲ್ಲಿ ಕೊರೆದಿದ್ದಾರೆ. ಗೋಡೆಯ ಮೇಲೆ 1189ನೆಯ ಇಸವಿಯನ್ನು ಬರೆದಿದೆ. ಚರಿತ್ರಕಾರರು ಅದನ್ನು ಒಪ್ಪುವುದಿಲ್ಲ. ಅಲ್ಲಿ ಧೂಳು ಮುಚ್ಚಿದ ಹಡಗಿನ ಪ್ರತಿಕೃತಿಯೊಂದಿದೆ. ಅದನ್ನು ಒರೆಸಿದವರು ಅಕಾಲದಲ್ಲಿ ಮರಣಹೊಂದಿದರೆಂಬ ನಂಬಿಕೆಯಿಂದ ಯಾರೂ ಮುಟ್ಟುವುದಿಲ್ಲವಂತೆ. ನಮ್ಮ ಅಜ್ಜಿಯ ಮಡಿಯೂ ಇದಕ್ಕಿಂತ ಸಡಿಲವಾಗಿತ್ತು!

ಅಲ್ಲಿ ಕುಳಿತಾಗ ನನಗೆ ಅರ್ಥಶಾಸ್ತ್ರವು ನೆನಪಾಯಿತು. ಮೈಸೂರಿನಲ್ಲಿ ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದ ಆ ಗ್ರಂಥದ ಸುರಾಧ್ಯಕ್ಷಪ್ರಕರಣದಲ್ಲಿ, ಪಾನಾಗಾರಗಳಿಗೆ ಅನೇಕ ಕೋಣೆಗಳೂ ಬೇರೆಬೇರೆ ಆಸನಗಳೂ ಗಂಧಪುಷ್ಪಗಳೂ ನೀರೂ ಇರಬೇಕು, ಎಲ್ಲ ಋತುಗಳಲ್ಲಿಯೂ ಅವು ಸುಖಕರವಾಗಿರಬೇಕು ಎಂದು ಕೌಟಿಲ್ಯನು ವಿಧಿಸುತ್ತಾನೆ. ಪಾಠಶಾಲೆಯಲ್ಲಿ ಆ ಪ್ರಕರಣವನ್ನು ನಮ್ಮ ಗುರುಗಳು ಅವಸರದಿಂದ ದಾಟಿಸಿಬಿಟ್ಟಿದ್ದರು.

ಎರಡನೆಯದು ಆಟದ ಬಯಲಿಗೆ ಸಮೀಪದ ಚಿಕ್ಕ ಮನೆ. ಇಂತಹ ಕೆಲವೆಡೆ ಪ್ರತಿಪಕ್ಷದವರನ್ನು ಒಳಕ್ಕೆ ಬಿಡರಂತೆ. ಮಗನು ತನ್ನ ಕೆಂಪು ಕೊರಳವಸ್ತ್ರವನ್ನು ಅಂಗಿಯೊಳಗೆ ಅಡಗಿಸಿಕೊಂಡನು. ಅದರ ತುದಿ ಹೊರಗಿಣುಕುತ್ತಿದ್ದುದನ್ನು ಕಂಡೂ ಕಪ್ಪುಬಿಳಿ ಪಟ್ಟೆಯ ವೃದ್ಧರೊಬ್ಬರು ಬೆಂಚಿನಲ್ಲಿ ಸರಿದು ನನಗೆ ಸ್ಥಳಕೊಟ್ಟರು. ತಮ್ಮ ನಾಟ್ಸ್ ಕೌಂಟಿ ತಂಡವು 1862ರಲ್ಲಿ ಹುಟ್ಟಿದುದೆಂದೂ, ಇಟಲಿಯ ಯುವೆಂಟಸ್ ತಂಡದವರು 1903ರಲ್ಲಿ ಈ ಪಟ್ಟೆಯ ಅಂಗಿಯನ್ನು ಇಲ್ಲಿಂದಲೇ ಪಡೆದರೆಂದೂ, ಗೋತ್ರಪ್ರವರಗಳನ್ನು ಹೇಳುವವರ ಗಾಂಭೀರ್ಯದಿಂದ ತಿಳಿಸಿದರು. ಅವರ ಕೈಯಲ್ಲಿದ್ದುದು ಚಹದ ಬಟ್ಟಲು. ಕುಡಿತವನ್ನು ಬಿಟ್ಟು ಬಹುಕಾಲವಾಯಿತಂತೆ, ಸ್ನೇಹಿತರನ್ನು ಬಿಟ್ಟಿಲ್ಲವಂತೆ.

ನನ್ನ ಮುಂದೆ ನಿಂಬೆಯ ಪಾನಕವಿತ್ತು. ಈಚಲ ಮರದಡಿ ಕುಳಿತು ಮಜ್ಜಿಗೆ ಕುಡಿದರೂ ಹೆಂಡವೆನ್ನುವರೆಂದು ನಾನು ಎಷ್ಟು ತರಗತಿಗಳಿಗೆ ಹೇಳಿಲ್ಲ! ನಮ್ಮ ಶಾಲೆಯ ಸಹೋಪಾಧ್ಯಾಯರೊಬ್ಬರು ಸಾರಾಯಿ ಅಂಗಡಿಯಿಂದ ಹೊರಬರುವುದನ್ನು ಒಮ್ಮೆ ನಾನೇ ಕಂಡಿದ್ದೆನು. "ಅಣ್ಣನನ್ನು ಮನೆಗೆ ಕರೆದೊಯ್ಯಲು ಹೋಗಿದ್ದೆ, ಸ್ವಾಮಿ, ನಾನು ಮುಟ್ಟಿದವನಲ್ಲ" ಎಂದು ಅವರು ಅಂಗಲಾಚಿದರು. ನಾನು ನಂಬದೆ ಮೇಲಧಿಕಾರಿಗಳಿಗೆ ಬರೆದೆನು. ಅವರಿಗೆ ದೂರದ ಊರಿಗೆ ವರ್ಗವಾಯಿತು. ಅಣ್ಣನನ್ನು ನೋಡಿಕೊಳ್ಳುವವರು ಇಲ್ಲವಾದರು.

"ಅಪ್ಪ, ಆಯಾಸವಾಯಿತೆ?" ಎಂದು ಮಗನು ಕೇಳಿದನು. ಇಲ್ಲವೆಂದೆನು. ಪಂದ್ಯದಲ್ಲಿ ನಡೆದುದೊಂದೂ ನನ್ನ ಮನಸ್ಸಿಗೆ ಹತ್ತಲಿಲ್ಲ.

ಊರಿಗೆ ಮರಳಿದ ಮೇಲೆ ವಿಳಾಸವನ್ನು ವಿಚಾರಿಸಿ ಆ ಮಹನೀಯರಿಗೆ ಕಾಗದ ಬರೆದಿದ್ದೇನೆ. ಮೂರು ತಿಂಗಳಾಯಿತು. ಅಂಚೆಯವನು ಬರುವ ಹೊತ್ತಿಗೆ ಈಗಲೂ ಜಗುಲಿಯ ಮೇಲೆ ಕುಳಿತಿರುತ್ತೇನೆ.