ಲೆಕ್ಸಿಂಗ್ಟನ್ ಬಯಲಿನ ಆ ಬೆಳಗು

ಈ ಬೆಂಕಿಯ ಮುಂದೆ ಕೂತಾಗಲೂ ಆ ರಾತ್ರಿಯ ಚಳಿ ನನಗೆ ನೆನಪಾಗುತ್ತದೆ, ಮಕ್ಕಳೇ. 1775ರ ಏಪ್ರಿಲ್ 19. ನಡುರಾತ್ರಿ ದಾಟಿತ್ತು. ಪಾಲ್ ರಿವೇರ್ ಕುದುರೆ ಓಡಿಸಿಕೊಂಡು ಬಂದು, ಬ್ರಿಟಿಷ್ ದೊರೆಯ ಸೈನ್ಯ ಬಾಸ್ಟನ್ ಬಿಟ್ಟು ಹೊರಟಿದೆ ಎಂದ. ಕಾಂಕರ್ಡಿನಲ್ಲಿ ನಮ್ಮವರು ಕೂಡಿಟ್ಟಿದ್ದ ಮದ್ದುಗುಂಡಿನ ಮೇಲೆ ಅವರ ಕಣ್ಣು. ನಮ್ಮ ಊರ ಪಡೆಯ ಕ್ಯಾಪ್ಟನ್ ಜಾನ್ ಪಾರ್ಕರ್ ನಮ್ಮನ್ನು ಬಯಲಿಗೆ ಕರೆಸಿದರು. ಕಾದೆವು, ಯಾರೂ ಬರಲಿಲ್ಲ. ನಗಾರಿ ಕೇಳಿಸುವಷ್ಟು ದೂರದಲ್ಲೇ ಇರಿ ಎಂದು ಬಿಟ್ಟರು. ಕೆಲವರು ಮನೆಗೆ ಹೋದರು, ನಾವಿಷ್ಟು ಜನ ಪಕ್ಕದ ಬಕ್‌ಮನ್ ತಂಗುಮನೆಯಲ್ಲಿ ಮೈ ಕಾಯಿಸಿಕೊಂಡು ಕೂತೆವು.

ಬೆಳಕು ಹರಿಯುವ ಮುಂಚೆ ನಗಾರಿ ಬಡಿಯಿತು. ಸಾಲು ನಿಂತದ್ದು 70 ಚಿಲ್ಲರೆ ಜನ. ಕಾಂಕರ್ಡಿನ ದಾರಿ ಹಿಡಿದು ಬರುತ್ತಿದ್ದವರು ಸುಮಾರು 700. ನಮ್ಮ ಸಾಲಿನಲ್ಲಿ ಯಾರಿದ್ದರು ಗೊತ್ತೇ? ಅಪ್ಪ, ಮಗ, ಅಣ್ಣ, ತಮ್ಮ, ಅಕ್ಕಪಕ್ಕದ ಹೊಲದವರು. ಅವರ ನಡುವೆ ಪ್ರಿನ್ಸ್ ಎಸ್ಟಾಬ್ರೂಕ್ ಎಂಬ ಕಪ್ಪು ಜನಾಂಗದವನು, ಗುಲಾಮ. ತನಗೇ ಬಿಡುಗಡೆ ಇಲ್ಲದವನು ನಮ್ಮ ಹಕ್ಕಿಗಾಗಿ ಕೋವಿ ಹಿಡಿದು ನಿಂತಿದ್ದ.

ಕೆಂಪು ಕೋಟಿನವರ ಮೇಜರ್ ಪಿಟ್‌ಕೇರ್ನ್ ಚದುರಿರಿ ಎಂದು ಕೂಗಿದ. ಚದುರಿ, ಗುಂಡು ಹಾರಿಸಬೇಡಿ ಎಂದು ಪಾರ್ಕರೂ ಹೇಳಿದರು. ನಾವು ತಿರುಗುತ್ತಿದ್ದೆವು, ಎಲ್ಲಿಂದಲೋ ಒಂದು ಗುಂಡು ಹಾರಿತು. ಅದು ಯಾರದೆಂಬ ಜಗಳ ಇನ್ನೂ ತೀರಿಲ್ಲ. ಅದರ ಹಿಂದೆಯೇ ಅವರ ಸಾಲು ಸಾಲೇ ನಮ್ಮ ಮೇಲೆ ಗುಂಡು ಸುರಿಯಿತು.

ಕ್ಯಾಪ್ಟನ್ನರ ದಾಯಾದಿ ಜೋನಸ್ ಪಾರ್ಕರ್ ತಾನು ಓಡುವವನಲ್ಲ ಎಂದು ಮೊದಲೇ ಆಣೆ ಇಟ್ಟಿದ್ದರು. ಗುಂಡು, ಚಕಮಕಿ ಕಲ್ಲುಗಳನ್ನು ಟೋಪಿಯಲ್ಲಿ ಹಾಕಿ ಕಾಲ ಬಳಿ ಇಟ್ಟುಕೊಂಡು ನಿಂತಿದ್ದರು. ಏಟು ಬಿದ್ದು ಕುಸಿದ ಮೇಲೂ ಮತ್ತೆ ಮದ್ದು ತುಂಬಲು ಹೊರಟಾಗ ಅವರನ್ನು ಕೋವಿಯ ತುದಿಯ ಈಟಿಯಿಂದ ತಿವಿದು ಕೊಂದರು. ಜೊನಾಥನ್ ಹ್ಯಾರಿಂಗ್ಟನ್ನನ ಮನೆ ಬಯಲಿನ ಅಂಚಿನಲ್ಲೇ ಇತ್ತು. ತೆವಳಿಕೊಂಡು ಹೋಗಿ ತನ್ನ ಬಾಗಿಲಲ್ಲೇ ಸತ್ತ. 8 ಜನ ಹೋದರು. ಪ್ರಿನ್ಸ್‌ನ ಎಡ ಭುಜಕ್ಕೆ ಗುಂಡು ಹೊಕ್ಕಿತು. ಕೆಂಪು ಕೋಟಿನವರು ಗೆದ್ದೆವೆಂದು ಕೇಕೆ ಹಾಕಿ ಕಾಂಕರ್ಡಿಗೆ ನಡೆದರು.

ಅದೇ ಮಧ್ಯಾಹ್ನ ಪಾರ್ಕರ್ ಉಳಿದವರನ್ನೆಲ್ಲ ಮತ್ತೆ ಕೂಡಿಸಿದರು. ಸೈನ್ಯ ಅದೇ ದಾರಿಯಲ್ಲಿ ಹಿಂದಿರುಗುವಾಗ ಊರ ಗಡಿಯ ಕಲ್ಲುದಿಬ್ಬದಿಂದ ಅವರ ಮೇಲೆ ಗುಂಡು ಹಾರಿಸಿದೆವು. ಬೆಳಿಗ್ಗೆ ಗಾಯಗೊಂಡಿದ್ದ ಜೆಡಿಡಾಯಾ ಮನ್ರೊ ಅಂದಿನ ಹೋರಾಟಕ್ಕೂ ಬಂದು ಪ್ರಾಣ ಬಿಟ್ಟ. ಪಾರ್ಕರ್ ಆಗಲೇ ಕ್ಷಯದಿಂದ ಸೊರಗಿದ್ದರು; ಸೆಪ್ಟೆಂಬರಿನಲ್ಲಿ ತೀರಿಕೊಂಡರು.

ಪ್ರಿನ್ಸ್ ಮಾತ್ರ ಗಾಯ ಮಾಗಿದ ಮೇಲೆ ಮತ್ತೆ ಸೈನ್ಯ ಸೇರಿದ. ಅಂದು ಬಯಲಲ್ಲಿ ನಿಂತವರ ಹೆಸರು ಹೇಳುವಾಗ ಜನ ಅವನನ್ನು ಬಿಟ್ಟುಬಿಡುತ್ತಾರೆ. ನೀವು ಬಿಡಬೇಡಿ.