ಹಿಂದಕ್ಕೆ ಕರೆದ ಬ್ಯಾಟರಿ

ಕೊಟ್ಟುದನ್ನು ಹಿಂದಕ್ಕೆ ಕೇಳಬಾರದೆಂಬುದು ನಮ್ಮ ಮನೆಗಳಲ್ಲಿ ಬಹುಕಾಲದಿಂದ ನಡೆದುಬಂದ ಮಾತು. ದಾನವಾಗಿ ಕೊಟ್ಟುದನ್ನಂತೂ ಕೇಳುವ ಹಾಗೆಯೇ ಇಲ್ಲ. ಹಣವೆಣಿಸಿಕೊಂಡು ಮಾರಿದುದನ್ನು ಕೇಳುವುದು ಅದಕ್ಕಿಂತಲೂ ನಾಚಿಕೆಯ ವಿಷಯ. ಹೀಗಿದ್ದರೂ ಕೆಲವು ವರ್ಷಗಳ ಹಿಂದೆ, ನಾನು ನಾಲ್ಕು ಸಾವಿರ ರೂಪಾಯಿಗೆ ಮಾರಿದ್ದ ಪದಾರ್ಥವೊಂದರ ಮುಖ್ಯವಾದ ಅಂಗವನ್ನು ಹಿಂದಕ್ಕೆ ಕೇಳುವುದಕ್ಕಾಗಿ, ಬಿನ್ನಿಪೇಟೆಯ ನಮ್ಮ ಬೀದಿಯಲ್ಲಿಯೇ ನಾಲ್ಕು ಮನೆ ಆಚೆಗೆ ಹೋಗಬೇಕಾಗಿ ಬಂದಿತು. ಪದಾರ್ಥವೆಂದರೆ ಹಳೆಯದೊಂದು ಲ್ಯಾಪ್‌ಟಾಪು. ಅಂಗವೆಂದರೆ ಅದರ ಬ್ಯಾಟರಿ.

ಒಂದು ಸಂಜೆ ದೀಪ ಹಚ್ಚುವ ಹೊತ್ತಿನಲ್ಲಿ ನನಗೊಂದು ಇ-ಮೇಲು ಬಂದಿತು. ಲ್ಯಾಪ್‌ಟಾಪನ್ನು ಮಾಡಿದ ಕಂಪೆನಿಯವರದು. ಇಂತಿಂಥ ಕಾಲದಲ್ಲಿ ಮಾರಿದ ಕೆಲವು ಬ್ಯಾಟರಿಗಳು ಮಿತಿಮೀರಿ ಕಾದು ಬೆಂಕಿ ಹತ್ತಿಕೊಳ್ಳುವ ಸಂಭವವುಂಟು, ಆದುದರಿಂದ ಅವುಗಳನ್ನು ಹಿಂದಕ್ಕೆ ಕರೆಸಿಕೊಳ್ಳುತ್ತಿದ್ದೇವೆ, ಕೂಡಲೇ ಉಪಯೋಗವನ್ನು ನಿಲ್ಲಿಸಿರಿ, ಹೊಸದನ್ನು ಬೆಲೆಯಿಲ್ಲದೆ ಕೊಡುತ್ತೇವೆ ಎಂದು ಅದರ ಸಾರಾಂಶ. ನನಗೆ ಮೊದಲು ನಂಬಿಕೆ ಬರಲಿಲ್ಲ. ನನಗೆ ಪರದೇಶದಲ್ಲಿ ಲಾಟರಿ ಬಂದಿದೆಯೆಂದೂ, ನನ್ನ ಬ್ಯಾಂಕಿನ ಖಾತೆ ಇಂದೇ ಮುಚ್ಚಿಹೋಗುವುದೆಂದೂ ತಿಳಿಸುವ ಪತ್ರಗಳು ದಿನವೂ ಬರುತ್ತಿರುವಾಗ, ಇದನ್ನು ಮಾತ್ರ ಸತ್ಯವೆಂದು ತಿಳಿಯುವುದು ಹೇಗೆ? ಆ ಪತ್ರದಲ್ಲಿದ್ದ ಕೊಂಡಿಯನ್ನು ಒತ್ತದೆ, ಕಂಪೆನಿಯ ವಿಳಾಸವನ್ನು ನಾನಾಗಿಯೇ ಬರೆದು ನೋಡಿದೆನು. ಪ್ರಕಟಣೆ ಅಲ್ಲಿಯೂ ಇದ್ದಿತು. ಬಿಲ್ಲಿನ ಮೇಲಿದ್ದ ಸಂಖ್ಯೆಯನ್ನು ಕೊಟ್ಟೆನು. "ನಿಮ್ಮ ಬ್ಯಾಟರಿ ಈ ಗುಂಪಿಗೆ ಸೇರಿದೆ" ಎಂದು ಉತ್ತರ ಬಂದಿತು.

ಆದರೆ ನನ್ನ ಬ್ಯಾಟರಿ ನನ್ನಲ್ಲಿರಲಿಲ್ಲ. ಅದು ನಮ್ಮ ಬೀದಿಯ ದರ್ಜಿ ಮಾಸ್ಟರ ಮನೆಯಲ್ಲಿದ್ದಿತು.

ನಮ್ಮ ಪೇಟೆಗೆ ಹೆಸರು ಬಂದುದೇ ಬಟ್ಟೆಯಿಂದ. 1884ರಲ್ಲಿ ಆರಂಭವಾಗಿ ಎರಡು ವರ್ಷಗಳ ತರುವಾಯ ಬಿನ್ನಿ ಕಂಪೆನಿಯ ಕೈಗೆ ಬಂದ ಗಿರಣಿಯ ಸುತ್ತ ಬೆಳೆದ ಊರಿದು. ಗಿರಣಿ ಈಗಿಲ್ಲ, ಅದರ ನೆಲದ ಮೇಲೆ ಬಹು ಅಂತಸ್ತಿನ ಮನೆಗಳೂ ಮಾಲೂ ಎದ್ದಿವೆ. ನಮ್ಮ ಮಾಸ್ಟರ ತಂದೆ ಅಲ್ಲಿ ಮಗ್ಗದ ಕೆಲಸದಲ್ಲಿದ್ದವರು. ಮಗ ಹೊಲಿಗೆ ಹಿಡಿದರು. ಅವರಿಗಿರುವುದು ಒಂದು ಕೋಣೆ, ಒಂದು ನಡುಮನೆ. ಕೋಣೆಯಲ್ಲಿ ಹೊಲಿಗೆಯ ಯಂತ್ರ. ನಡುಮನೆಯಲ್ಲಿ ಹೊಲಿಯಬೇಕಾದ ಬಟ್ಟೆ, ಹೊಲಿದ ಬಟ್ಟೆ, ಕತ್ತರಿಸಿ ಉಳಿದ ಚೂರುಗಳ ಮೂಟೆ. ಆ ಮೂಟೆಗೆ ಒರಗಿಕೊಂಡೇ ಅವರ ಮಗಳು ಬಿ.ಕಾಂ. ಓದುತ್ತಿದ್ದಳು. ರಾತ್ರಿ ಲ್ಯಾಪ್‌ಟಾಪಿಗೆ ಚಾರ್ಜು ಹಾಕುತ್ತಿದ್ದುದೂ ಅದರ ಮೇಲೆಯೇ.

ಇದು ನನಗೆ ಗೊತ್ತಿದ್ದಿತು. ಗೊತ್ತಿದ್ದೂ ಆ ರಾತ್ರಿ ನಾನು ಹೋಗಲಿಲ್ಲ. ಇದನ್ನು ಬರೆಯುವುದಕ್ಕೆ ಈಗಲೂ ಸಂಕೋಚವಾಗುತ್ತದೆ. ಹೇಳಿದರೆ ಹಣವನ್ನು ಹಿಂದಕ್ಕೆ ಕೇಳಿಯಾರು, ಕೆಟ್ಟ ಮಾಲನ್ನು ನಮ್ಮ ತಲೆಗೆ ಕಟ್ಟಿದನೆಂದು ಬೀದಿಯಲ್ಲಿ ಆಡಿಯಾರು, ಹುಡುಗಿಗೆ ಪರೀಕ್ಷೆ ಬೇರೆ ಹತ್ತಿರವಾಗಿದೆ, ಇಷ್ಟು ದಿನ ಏನೂ ಆಗದುದು ಇನ್ನೆರಡು ದಿನದಲ್ಲಿ ಆದೀತೆ ಎಂದು ನಾನಾ ನೆವಗಳನ್ನು ನನಗೆ ನಾನೇ ಹೇಳಿಕೊಂಡೆನು. ಮರುದಿನ ನಮ್ಮ ಮನೆಯಾಕೆಗೆ ಈ ಸಂಗತಿಯನ್ನು ತಿಳಿಸಿದಾಗ ಆಕೆ ಸೌಟನ್ನು ಕೆಳಗಿಟ್ಟು, "ನಾಲ್ಕು ಸಾವಿರ ಹೋದರೆ ಹೋಗಲಿ. ಆ ಮಗು ಅದನ್ನು ತಲೆದೆಸೆಯಲ್ಲಿಟ್ಟುಕೊಂಡು ಮಲಗುತ್ತದೆ. ನಿಮಗೆ ನಿನ್ನೆ ನಿದ್ದೆ ಹೇಗೆ ಬಂತು?" ಎಂದಳು. ನನಗೆ ನಿದ್ದೆ ಬಂದಿರಲಿಲ್ಲ. ಆದರೆ ಹಾಗೆ ಹೇಳಿ ಪ್ರಯೋಜನವೇನು? ಎದ್ದು ಹೊರಟೆನು.

"ಬನ್ನಿ ಸಾರ್, ಕೂತ್ಕೊಳ್ಳಿ" ಎಂದು ಮಾಸ್ಟರು ಬಟ್ಟೆ ಸರಿಸಿ ಜಾಗ ಮಾಡಿದರು. ನಾನು ಬಂದ ಕಾರಣವನ್ನು ಹೇಳಿದೆನು. ಅವರು ಲ್ಯಾಪ್‌ಟಾಪನ್ನು ತಂದು ಹಿಂದೆ ಮುಂದೆ ತಿರುಗಿಸಿ ನೋಡಿ, "ಏನೂ ಆಗಿಲ್ವಲ್ಲ ಸಾರ್? ಉಬ್ಬಿಲ್ಲ, ಸುಟ್ಟಿಲ್ಲ, ಮೂರು ಗಂಟೆ ಚೆನ್ನಾಗಿ ಬರುತ್ತೆ. ಚೆನ್ನಾಗಿರೋದನ್ನ ಯಾಕೆ ತೆಗೆಯೋದು?" ಎಂದರು.

ಹಿಂದಕ್ಕೆ ಕರೆದ ವಸ್ತುಗಳ ವಿಷಯದಲ್ಲಿ ತೊಡಕಿರುವುದೇ ಇಲ್ಲಿ. ಕೊಳೆತ ಹಣ್ಣು ವಾಸನೆ ಕೊಡುತ್ತದೆ. ಸೀಳಿದ ಪಾತ್ರೆ ಸೋರುತ್ತದೆ. ಈ ಬ್ಯಾಟರಿ ಮಾತ್ರ ಕಡೆಯ ಗಳಿಗೆಯವರೆಗೂ ಆರೋಗ್ಯವಂತನಂತೆಯೇ ದುಡಿಯಬಹುದು. ಇದರೊಳಗೆ ಲೇಪ ಕೊಟ್ಟ ತೆಳುವಾದ ಲೋಹದ ಹಾಳೆಗಳೆರಡನ್ನು, ನಡುವೆ ತಲೆಗೂದಲಿಗಿಂತಲೂ ತೆಳುವಾದ ಪೊರೆಯನ್ನಿಟ್ಟು, ಚಾಪೆಯಂತೆ ಸುರುಳಿ ಸುತ್ತಿರುತ್ತಾರೆ. ಎಲ್ಲವೂ ಬೇಗ ಹೊತ್ತಿಕೊಳ್ಳುವಂಥ ದ್ರವದಲ್ಲಿ ನೆನೆದಿರುತ್ತದೆ. ಆ ಪೊರೆ ಹರಿದರೆ ಎರಡು ಹಾಳೆಗಳೂ ಸೇರಿ ಶಾಖ ಹುಟ್ಟುತ್ತದೆ. ಒಂದು ಮಿತಿಯನ್ನು ದಾಟಿದರೆ ಆ ಶಾಖವೇ ಇನ್ನಷ್ಟು ಶಾಖವನ್ನು ಹುಟ್ಟಿಸುತ್ತದೆ. ಆಮೇಲೆ ಗುಂಡಿ ಒತ್ತಿ ನಿಲ್ಲಿಸುವ ಮಾತಿಲ್ಲ.

ಪೊರೆ ಹರಿಯುವುದಕ್ಕೆ ದೊಡ್ಡ ಕಾರಣವೇನೂ ಬೇಕಾಗಿಲ್ಲ. ಲೀಥಿಯಂ-ಅಯಾನ್ ಬ್ಯಾಟರಿಯನ್ನು 1991ರಲ್ಲಿ ಮೊತ್ತಮೊದಲು ಮಾರುಕಟ್ಟೆಗೆ ತಂದ ಸೋನಿ ಕಂಪೆನಿಯೇ 2006ರಲ್ಲಿ ಈ ಪಾಠವನ್ನು ಕಲಿಯಬೇಕಾಯಿತು. ತಯಾರಿಕೆಯ ಕಾಲದಲ್ಲಿ ಕೋಶದೊಳಕ್ಕೆ ಸೇರಿಕೊಂಡ ಲೋಹದ ಸೂಕ್ಷ್ಮ ಕಣಗಳ ದೆಸೆಯಿಂದ ಆ ವರ್ಷದ ಆಗಸ್ಟಿನಲ್ಲಿ ಡೆಲ್ ಕಂಪೆನಿ ಸುಮಾರು 41 ಲಕ್ಷ, ಆಪಲ್ ಕಂಪೆನಿ ಸುಮಾರು 18 ಲಕ್ಷ ಬ್ಯಾಟರಿಗಳನ್ನು ಹಿಂದಕ್ಕೆ ಕರೆದುವು. ಮರುವರ್ಷದ ಆಗಸ್ಟಿನಲ್ಲಿ ನೋಕಿಯದ ಸರದಿ. ಬಿಎಲ್-5ಸಿ ಎಂಬ ಮೊಬೈಲು ಬ್ಯಾಟರಿಗಳಲ್ಲಿ ಮತ್ಸುಷಿತ ಕಂಪೆನಿಯವರು ಮಾಡಿದ ನಾಲ್ಕು ಕೋಟಿ ಅರವತ್ತು ಲಕ್ಷ ಬ್ಯಾಟರಿಗಳ ವಿಷಯವಾಗಿ ಎಚ್ಚರಿಕೆ ಹೊರಟಿತು. ಆಗ ಮೊಬೈಲುಗಳ ಬೆನ್ನು ಬಿಚ್ಚಿ ಬ್ಯಾಟರಿಯ ಮೇಲಿನ ಇಪ್ಪತ್ತಾರು ಅಕ್ಷರಗಳ ಗುರುತನ್ನು ಕಣ್ಣು ಕಿರಿದುಮಾಡಿ ಓದಿದವರು ಈ ಪತ್ರಿಕೆಯ ವಾಚಕರಲ್ಲಿಯೂ ಹಲವರಿರಬಹುದು. 2019ರಲ್ಲಿ ಆಪಲ್ ಕಂಪೆನಿ ಹದಿನೈದು ಅಂಗುಲದ ಕೆಲವು ಮ್ಯಾಕ್‌ಬುಕ್ ಪ್ರೋಗಳನ್ನು ಕರೆದಾಗ, ಅವುಗಳನ್ನು ವಿಮಾನದಲ್ಲಿ ತರಬಾರದೆಂದು ನಮ್ಮ ದೇಶದ ವಿಮಾನಯಾನದ ಅಧಿಕಾರಿಗಳು ಪ್ರಯಾಣಿಕರಿಗೆ ತಿಳಿಸಿದರು. ಈ ಲಕ್ಷಾಂತರ ಬ್ಯಾಟರಿಗಳಲ್ಲಿ ಬೆಂಕಿ ಹತ್ತಿದುವು ಕೆಲವೇ. ಆದರೆ ಆ ಕೆಲವು ಯಾವುವೆಂದು ಮೊದಲೇ ಹೇಳಬಲ್ಲವರು ಯಾರೂ ಇಲ್ಲ. ಆದುದರಿಂದ ಎಲ್ಲವನ್ನೂ ಕರೆಯಬೇಕಾಗುತ್ತದೆ.

ಇಷ್ಟನ್ನೂ ನಾನು ಮಾಸ್ಟರಿಗೆ ಹೇಳಲಿಲ್ಲ. "ನೇಯ್ಗೆಯಲ್ಲಿ ಒಂದೇ ಒಂದು ಎಳೆ ಹೋಗಿದ್ದರೆ ಹೊರಗೆ ಕಾಣುತ್ತದೆಯೇ ಮಾಸ್ಟ್ರೇ?" ಎಂದು ಮಾತ್ರ ಕೇಳಿದೆನು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಎಳೆದಾಗ ಗೊತ್ತಾಗುತ್ತೆ" ಎಂದರು. ಆಮೇಲೆ ಮೂಟೆಯ ಕಡೆಗೊಮ್ಮೆ ನೋಡಿ, "ತೊಗೊಂಡ್ಹೋಗಿ ಸಾರ್" ಎಂದು ಲ್ಯಾಪ್‌ಟಾಪನ್ನೇ ನನ್ನ ಕೈಯಲ್ಲಿಟ್ಟರು. ಬಾಗಿಲಲ್ಲಿ ನಿಂತಿದ್ದ ಹುಡುಗಿಯ ಮುಖ ಬಾಡಿತು. ಪರೀಕ್ಷೆಗೆ ಇಪ್ಪತ್ತು ದಿನವೂ ಇರಲಿಲ್ಲ. ಅದೃಷ್ಟವಶಾತ್ ಅದು ಬ್ಯಾಟರಿಯನ್ನು ಬಿಡಿಸಿ ತೆಗೆಯಬಹುದಾದ ಹಳೆಯ ಮಾದರಿ. ಬ್ಯಾಟರಿಯನ್ನು ತೆಗೆದು, ತಂತಿಯನ್ನು ಗೋಡೆಗೆ ಸಿಕ್ಕಿಸಿ ಕೆಲಸ ಮಾಡಬಹುದೆಂದು ಪ್ರಕಟಣೆಯಲ್ಲಿಯೇ ಬರೆದಿದ್ದಿತು. ಹಾಗೆಯೇ ಮಾಡಿಕೊಟ್ಟೆನು. "ಕರೆಂಟು ಹೋದರೆ ಬರೆದದ್ದೆಲ್ಲ ಹೋಗುತ್ತಲ್ಲ ಅಂಕಲ್?" ಎಂದು ಅವಳು ಕೇಳಿದಳು. ಐದು ನಿಮಿಷಕ್ಕೊಮ್ಮೆ ಉಳಿಸಿಕೋ ಎಂದು ಹೇಳಿ, ತಲೆ ತಗ್ಗಿಸಿ, ಬ್ಯಾಟರಿಯೊಡನೆ ಮನೆಗೆ ಬಂದೆನು.

ಅದನ್ನು ಇಡುವುದೆಲ್ಲಿ? ಲೋಹದ ತುದಿಗಳಿಗೆ ಅಂಟುಪಟ್ಟಿ ಸುತ್ತಿ, ಒಂದು ಮಣ್ಣಿನ ಮಡಕೆಯಲ್ಲಿ ಒಣ ಮರಳು ತುಂಬಿ, ಅದರೊಳಗಿಟ್ಟು, ಹಿತ್ತಲಿನಲ್ಲಿ ಬಿಸಿಲು ಮಳೆ ತಾಗದ ಕಲ್ಲುಚಪ್ಪಡಿಯ ಮೇಲೆ ಇರಿಸಿದೆನು. ಯಾರೂ ಮುಟ್ಟಬಾರದೆಂದು ಹೇಳಿದುದಕ್ಕೆ ನಮ್ಮ ಮನೆಯಾಕೆ, "ಅತ್ತೆಯವರ ಉಪ್ಪಿನಕಾಯಿ ಜಾಡಿಗೂ ಇಷ್ಟು ಮಡಿ ಇರಲಿಲ್ಲ" ಎಂದಳು.

ಇನ್ನು ಕಂಪೆನಿಯವರೊಡನೆ ವ್ಯವಹಾರ. ಮೊದಲನೆಯ ದಿನ ಫೋನಿನಲ್ಲಿ ಮಾತನಾಡಿದವರು, ಪ್ರಕಟಣೆ ಹೊರದೇಶದವರಿಗೆ ಮಾತ್ರವೆಂದರು. ಎರಡನೆಯ ದಿನದವರು ಸಂಖ್ಯೆಯನ್ನು ನೋಡಿ, ಹೌದು, ನಿಮ್ಮದೂ ಸೇರಿದೆ ಎಂದರು. ಆದರೆ ನಾನು ಅದನ್ನು ಮಾರಿದ್ದೇನೆಂದು ತಿಳಿದ ಕೂಡಲೇ, "ಹಾಗಾದರೆ ಈಗ ಗ್ರಾಹಕರು ನೀವಲ್ಲ" ಎಂದರು. ಮಾಸ್ಟರು ಕೇಳಿದರೆ, "ಬಿಲ್ಲು ನಿಮ್ಮ ಹೆಸರಿನಲ್ಲಿಲ್ಲ, ಗ್ರಾಹಕರು ನೀವೂ ಅಲ್ಲ" ಎಂದು ಉತ್ತರ. ಬ್ಯಾಟರಿ ಇದೆ, ಅಪಾಯವಿದೆ, ಗ್ರಾಹಕನೆಂಬುವನು ಮಾತ್ರ ಲೋಕದಲ್ಲಿಯೇ ಇಲ್ಲ! ಕೊರಿಯರಿನ ಮೂಲಕ ಕಳುಹಿಸಿಬಿಡೋಣವೆಂದರೆ ಅಂಗಡಿಯವರು ಬ್ಯಾಟರಿಯೆಂಬ ಮಾತು ಕೇಳಿಯೇ ಕೈಯಾಡಿಸಿದರು. ಅವರು ಮಾಡಿದುದು ಸರಿ; ಅಪಾಯವುಳ್ಳುವೆಂದು ಕರೆಸಿಕೊಂಡ ಇಂಥ ಬ್ಯಾಟರಿಗಳನ್ನು ವಿಮಾನದಲ್ಲಿ ಸಾಗಿಸುವುದಕ್ಕೆ ನಿಷೇಧವುಂಟು.

ನಾನು ಒಂದು ಪತ್ರವನ್ನು ಬರೆದೆನು. ಕೋಪದ ಮಾತೊಂದನ್ನೂ ಸೇರಿಸಲಿಲ್ಲ. ಕೊಂಡ ದಿನ, ಬಿಲ್ಲಿನ ಪ್ರತಿ, ಬ್ಯಾಟರಿಯ ಸಂಖ್ಯೆ, ಫೋನು ಮಾಡಿದ ದಿನಗಳು, ಅವರು ಕೊಟ್ಟ ಉತ್ತರಗಳು, ಇಷ್ಟನ್ನೂ ಕ್ರಮವಾಗಿ ಬರೆದೆನು. 1986ರ ಗ್ರಾಹಕರ ರಕ್ಷಣೆಯ ಕಾಯಿದೆಯ ಪ್ರಕಾರ, ಕೊಂಡವನು ಮಾತ್ರವಲ್ಲದೆ ಅವನ ಒಪ್ಪಿಗೆಯಿಂದ ಉಪಯೋಗಿಸುವವನೂ ಗ್ರಾಹಕನೇ ಎಂಬುದನ್ನು ಜ್ಞಾಪಿಸಿದೆನು. ನೀವು ಕರೆದಿರುವುದು ಬ್ಯಾಟರಿಯನ್ನೇ ಹೊರತು ಮನುಷ್ಯನನ್ನಲ್ಲ. ಅದು ಯಾರ ಮನೆಯಲ್ಲಿದ್ದರೂ ಬೆಂಕಿ ಒಂದೇ ಎಂದು ಮುಗಿಸಿದೆನು. ನಾಲ್ಕನೆಯ ದಿನ ಮೇಲಿನ ಅಧಿಕಾರಿಯೊಬ್ಬರು ತಾವಾಗಿಯೇ ಫೋನು ಮಾಡಿ, ಸೇವಾಕೇಂದ್ರಕ್ಕೆ ಖುದ್ದಾಗಿ ತಂದರೆ ಸ್ವೀಕರಿಸುತ್ತೇವೆಂದು ಸೌಜನ್ಯದಿಂದ ತಿಳಿಸಿದರು. ಮಡಕೆಯೊಡನೆ ಆಟೋ ಹತ್ತಿದೆನು. ಅಲ್ಲಿ ರಸೀತಿ ಕೊಟ್ಟರು. ಹೊಸ ಬ್ಯಾಟರಿ ಬರುವುದಕ್ಕೆ ಇಪ್ಪತ್ತಮೂರು ದಿನ ಹಿಡಿಯಿತು. ಅಷ್ಟರಲ್ಲಿ ಹುಡುಗಿಯ ಪರೀಕ್ಷೆ ಮುಗಿದಿದ್ದಿತು. ಒಂದು ರಾತ್ರಿ ಕರೆಂಟು ಹೋಗಿ ಅವಳು ಮಾಡಿದ್ದ ಲೆಕ್ಕವೆಲ್ಲ ಅಳಿಸಿಹೋಯಿತೆಂದೂ, ಬೆಳಗಿನ ಜಾವದವರೆಗೆ ಕುಳಿತು ಮತ್ತೆ ಮಾಡಿದಳೆಂದೂ ಆಮೇಲೆ ತಿಳಿಯಿತು. ಅದನ್ನು ನನಗೆ ಯಾರೂ ದೂರಿ ಹೇಳಲಿಲ್ಲ. ನಾಲ್ಕು ಸಾವಿರವನ್ನು ಹಿಂದಕ್ಕೆ ಕೊಡಲು ಹೋದೆನು; ಮಾಸ್ಟರು ತೆಗೆದುಕೊಳ್ಳಲಿಲ್ಲ.

ಈಗ ಗ್ರಾಹಕನಿಗೆ ದಾರಿ ಮೊದಲಿಗಿಂತ ಸುಗಮವಾಗಿದೆ. 2019ರ ಹೊಸ ಕಾಯಿದೆ 2020ರ ಜುಲೈಯಲ್ಲಿ ಜಾರಿಗೆ ಬಂದ ಮೇಲೆ, ಅಪಾಯಕರವಾದ ಸರಕನ್ನು ಹಿಂದಕ್ಕೆ ಕರೆಯಿಸುವ ಅಧಿಕಾರ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ಬಂದಿದೆ. 1915ಕ್ಕೆ ಫೋನು ಮಾಡಿ ದೂರನ್ನು ದಾಖಲಿಸಬಹುದು. ತಾನು ವಾಸವಾಗಿರುವ ಜಿಲ್ಲೆಯ ಆಯೋಗದಲ್ಲಿಯೇ ಮೊಕದ್ದಮೆ ಹೂಡಬಹುದು. ಹಳೆಯ ಬ್ಯಾಟರಿಗಳನ್ನು ಹಿಂದಕ್ಕೆ ಸಂಗ್ರಹಿಸುವ ಹೊಣೆಯನ್ನು 2022ರ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಆದುದರಿಂದ ಅವುಗಳನ್ನು ಕಸದ ಗಾಡಿಗೆ ಹಾಕಬೇಕಾದ ಅಗತ್ಯವಿಲ್ಲ, ಹಾಕಲೂ ಕೂಡದು.

ಆದರೆ ಕಾಯಿದೆಯ ಕೈ ಮುಟ್ಟದ ಒಂದು ಸ್ಥಳ ಉಳಿದೇ ಉಳಿಯುತ್ತದೆ. ಕಂಪೆನಿಯ ಪತ್ರ ಕೊಂಡವನ ವಿಳಾಸಕ್ಕೆ ಬರುತ್ತದೆ. ನಮ್ಮಲ್ಲಿಯೋ ವಸ್ತುಗಳು ಒಂದೆಡೆ ನಿಲ್ಲುವುದಿಲ್ಲ. ಅಣ್ಣನದು ತಮ್ಮನಿಗೆ, ತಮ್ಮನದು ಸೋದರಳಿಯನಿಗೆ, ಅಲ್ಲಿಂದ ಮನೆಗೆಲಸದವರ ಮಗನಿಗೆ ಎಂದು ಸಾಗುತ್ತವೆ. ಒಳ್ಳೆಯ ಪದ್ಧತಿಯೇ ಅದು. ಆದರೆ ವಸ್ತು ಹೋದ ದಾರಿಯಲ್ಲಿ ಎಚ್ಚರಿಕೆಯ ಪತ್ರವೂ ಹೋಗಬೇಕಲ್ಲವೆ? ಆ ಪತ್ರವನ್ನು ಹೊತ್ತು ನಡೆಯಬಲ್ಲವರು ನಾವೇ ಹೊರತು ಬೇರೆ ಯಾರೂ ಇಲ್ಲ.

ಆದುದರಿಂದ ನಮ್ಮ ಮನೆಯಲ್ಲಿ ಹಾಲಿನ ಲೆಕ್ಕದ ಪುಸ್ತಕದ ಕಡೆಯ ಪುಟದಲ್ಲಿ ಈಗೊಂದು ಪಟ್ಟಿಯಿದೆ. ಲ್ಯಾಪ್‌ಟಾಪು, ಮೊಬೈಲು, ಅಡಿಗೆಮನೆಯ ಯಂತ್ರಗಳು, ಕೊಂಡ ದಿನ, ಸಂಖ್ಯೆ. ಪಕ್ಕದಲ್ಲಿ, ಈಗ ಯಾರಲ್ಲಿದೆ ಎಂಬ ಕಲಮು. ಏನನ್ನಾದರೂ ಯಾರಿಗಾದರೂ ಕೊಡುವಾಗ ಬಿಲ್ಲನ್ನೂ ಜೊತೆಗೆ ಕೊಟ್ಟು, ಪ್ರತಿಯೊಂದನ್ನು ಇಟ್ಟುಕೊಳ್ಳುತ್ತೇವೆ. ಪಟ್ಟಿಯನ್ನು ಬರೆದವಳು ನಮ್ಮ ಮನೆಯಾಕೆ. ಮಾಸ್ಟರ ಮನೆಯ ಲ್ಯಾಪ್‌ಟಾಪು ಮೊದಲನೆಯ ಸಾಲಿನಲ್ಲಿದೆ. ಆ ಹುಡುಗಿ ಈಗ ಕೆಲಸಕ್ಕೆ ಸೇರಿ ಹೊಸದೊಂದನ್ನು ಕೊಂಡಿದ್ದಾಳೆ. ಹಳೆಯದನ್ನು ತನ್ನ ಚಿಕ್ಕಪ್ಪನ ಮಗನಿಗೆ ಕೊಟ್ಟಳಂತೆ. ಕೊಟ್ಟ ದಿನವೇ ನಮ್ಮ ಮನೆಗೆ ಬಂದು, "ಆಂಟಿ, ಆ ಪುಸ್ತಕದಲ್ಲಿ ಹೆಸರು ಬದಲಾಯಿಸಿಬಿಡಿ" ಎಂದು ಹೇಳಿ ಹೋದಳು.